ಆರ್ವಿಡ್ ಟೊಲೆಫ್ಸನ್ ಹಬ್ ಕಿತ್ತ ವಾರ

ಮಿನೆಸೋಟದ ನೋರ್‌ಡಾಲ್ ಊರಿನಲ್ಲಿ ಯಾರೂ ಯಾರಿಗೂ ಮುಖಕ್ಕೆ ಹೊಡೆದಂತೆ "ಇಲ್ಲ" ಅನ್ನುವುದಿಲ್ಲ. ಬೇಡವಾದದ್ದಕ್ಕೆ "ನೋಡೋಣ" ಅನ್ನುತ್ತಾರೆ. ತೀರಾ ಬೇಡವಾದದ್ದಕ್ಕೆ "ಆಗ್ಲಿ, ನೋಡೋಣ" ಅನ್ನುತ್ತಾರೆ. ಊರಿನವರಿಗೆ ಇದು ತಿಳಿಯುತ್ತದೆ. ಹೊರಗಿನಿಂದ ಬಂದವರಿಗೆ ತಿಳಿಯುವುದಿಲ್ಲ, ಎಡವಟ್ಟಾಗುವುದು ಅಲ್ಲೇ.

ಆರ್ವಿಡ್ ಟೊಲೆಫ್ಸನ್‌ಗೆ ಆದದ್ದೂ ಅದೇ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಈ ಮನುಷ್ಯನಿಗೆ ಪ್ರಾಣ ಎಂದರೆ ಒಂದು ಹಳೇ ತೋಟದ ಟ್ರ್ಯಾಕ್ಟರು. ಹೊಲ ಉಳುವ ದೈತ್ಯನಲ್ಲ, ಬೇಸಿಗೆಯಲ್ಲಿ ಹುಲ್ಲು ಕತ್ತರಿಸಿ ಚಳಿಗಾಲದಲ್ಲಿ ಹಿಮ ತಳ್ಳುವ, ಸೊಂಟದೆತ್ತರದ ಕೆಂಪು ಗಾಡಿ. ಬೆಳಿಗ್ಗೆ ಎದ್ದು ಹೆಂಡತಿಗೆ ಒಂದು ಮಾತು ಹೇಳಿದರೆ ಟ್ರ್ಯಾಕ್ಟರಿಗೆ ಎರಡು ಮಾತು ಹೇಳುತ್ತಿದ್ದ. ಆದರೆ ಅದರ ಬಲಗಡೆಯ ಹಿಂದಿನ ಗಾಲಿಯ ಒಳಬದಿಯಿಂದ ಗೇರ್ ಎಣ್ಣೆ ಜಿನುಗುತ್ತಿತ್ತು. ಹೆಂಡತಿ ಮಾರ್ಲಿಸ್ ಆ ವಸಂತದಲ್ಲಷ್ಟೇ ಮನೆಯ ಮುಂದೆ ಹೊಸ ಸಿಮೆಂಟು ಹಾಕಿಸಿದ್ದಳು. ಅದರ ನಟ್ಟನಡುವೆ ಊಟದ ತಟ್ಟೆಯಷ್ಟು ದೊಡ್ಡ ಕಪ್ಪು ಕಲೆ ಬಿತ್ತು.

ಮಾರ್ಲಿಸ್ ಕೂಗಾಡಲಿಲ್ಲ. ಕಲೆಯ ಹತ್ತಿರ ನಿಂತು, "ನೋಡ್ತಾ ನೋಡ್ತಾ ಅಭ್ಯಾಸ ಆಗತ್ತೆ ಬಿಡು" ಎಂದಳು. ಆ ಊರಲ್ಲಿ ಅದು ಬೈಗುಳಕ್ಕಿಂತ ಜೋರು. ಅವಳು ತಟ್ಟೆ ಎಸೆದಿದ್ದರೆ ಆರ್ವಿಡ್ ಇಷ್ಟು ಹೆದರುತ್ತಿರಲಿಲ್ಲ.

ಆ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿ ಕುಡಿಯುವಾಗ ಟೆರ್ರಿ ಹಾವೆಲ್ಕ ಸಿಕ್ಕ. ಮಾರ್ಲಿಸಳ ಚಿಕ್ಕಪ್ಪನ ಅಳಿಯ, ಪಕ್ಕದ ರಾಜ್ಯ ಅಯೋವಾದವನು, ಹಳೇ ಟ್ರ್ಯಾಕ್ಟರು ಕಂಡರೆ ಬಾಯಲ್ಲಿ ನೀರೂರಿಸಿಕೊಳ್ಳುವ ಜಾತಿ.

"ಆರ್ವಿಡ್, ನಿಮ್ ಆ ಕೆಂಪು ಟ್ರ್ಯಾಕ್ಟ್ರು ನಂಗೆ ಕೊಟ್ಬಿಡಿ. ಒಳ್ಳೇ ರೇಟೇ ಕೊಡ್ತೀನಿ. ಶನಿವಾರ ಬೆಳಿಗ್ಗೆ ಟ್ರೇಲರ್ ತರ್ತೀನಿ, ಏನಂತೀರಾ?"

"ಆಗ್ಲಿ, ನೋಡೋಣ," ಎಂದ ಆರ್ವಿಡ್.

ನೋರ್‌ಡಾಲಿನವನಾಗಿದ್ದರೆ ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದ. ಟೆರ್ರಿ ಅವನ ಕೈ ಹಿಡಿದು ಜೋರಾಗಿ ಕುಲುಕಿ, "ಹಾಗಾದ್ರೆ ಮಾತು ಮುಗೀತು!" ಎಂದು ಇನ್ನೊಂದು ಕೇಕಿನ ತುಂಡಿಗೆ ಹೋದ. ಪಕ್ಕದಲ್ಲೇ ನಿಂತಿದ್ದ ಮಾರ್ಲಿಸ್ ಗಂಡನ ಮುಖ ಒಮ್ಮೆ ನೋಡಿ ಖಾಲಿ ಕಪ್ಪುಗಳನ್ನು ಎತ್ತಿಡಲು ಹೋದಳು.

ಒಂದು ಫೋನು ಮಾಡಿ "ಮಾರುವುದಿಲ್ಲ" ಅಂದರೆ ಮುಗಿಯುವ ಕೆಲಸ. ಅದರ ಬದಲು ಆರ್ವಿಡ್ ಎರಡು ದಿನ ತಲೆ ಕೆಡಿಸಿಕೊಂಡು ಒಂದು ಉಪಾಯ ಹೂಡಿದ. ಶನಿವಾರದ ಒಳಗೆ ಸೋರಿಕೆ ನಿಂತುಬಿಟ್ಟರೆ ಮಾರ್ಲಿಸಳಿಗೆ ಟ್ರ್ಯಾಕ್ಟರಿನ ಮೇಲೆ ಸಿಟ್ಟಿರುವುದಿಲ್ಲ. ಸಿಟ್ಟಿಲ್ಲದಿದ್ದರೆ ಅವಳೇ ಟೆರ್ರಿಗೆ ಬೇಡ ಅಂದುಬಿಡುತ್ತಾಳೆ. ತಾನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಬರೀ ಗಾಲಿ ಬಿಚ್ಚಿ, ಗಾಲಿ ಕೂರುವ ಕಬ್ಬಿಣದ ಹಬ್ ಕಿತ್ತು, ಅದರ ಹಿಂದೆ ಎಣ್ಣೆ ತಡೆಯುವ ಬೆರಳುಂಗುರದಂಥ ರಬ್ಬರಿನ ಆಯಿಲ್ ಸೀಲ್ ಬದಲಾಯಿಸಿದರೆ ಸಾಕು. ಒಂದು ಬೆಳಗಿನ ಕೆಲಸ ಅಂದುಕೊಂಡ, ಪಾಪ.

ಬುಧವಾರ ಗ್ಯಾರೇಜಿನಲ್ಲಿ ಟ್ರ್ಯಾಕ್ಟರಿಗೆ ಜಾಕ್ ಕೊಟ್ಟು, ಮರದ ದಿಮ್ಮಿ ಇಟ್ಟು, ಗಾಲಿ ಬಿಚ್ಚಿದ. ಹಬ್ಬಿನ ಪಕ್ಕದ ತೂತಿನಲ್ಲಿ ಅದನ್ನು ಆಕ್ಸಲ್ಲಿನ ಅಚ್ಚಿಗೆ ಒತ್ತಿ ಹಿಡಿಯುವ ತಲೆಯಿಲ್ಲದ ಸ್ಕ್ರೂ ಇತ್ತು. ಅದನ್ನೂ ಅಲೆನ್ ಕೀ ಹಾಕಿ ತಿರುಗಿಸಿ ತೆಗೆದ. ಹಬ್ಬಿಗೆ ಎಳೆದು ಕೀಳುವ ಮೂರು ಕಾಲಿನ ಪುಲ್ಲರ್ ಕಚ್ಚಿಸಿ ನಡುವಿನ ಬೋಲ್ಟು ಬಿಗಿದ. ಹಬ್ ಅಲ್ಲಾಡಲಿಲ್ಲ. ಇನ್ನೂ ಬಿಗಿದ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಓರ್ಲಿನ್ ಬಕ್ ಕಾಫಿ ಕಪ್ಪು ಹಿಡಿದು ಬಂದ. ಇಂಥದ್ದೇ ಇನ್ನೊಂದು ಟ್ರ್ಯಾಕ್ಟರು ಅವನ ಹತ್ತಿರವೂ ಇದೆ. ಬಕೆಟ್ಟು ಬೋರಲು ಹಾಕಿ ಕೂತು, ಹಬ್ಬನ್ನು ನೋಡಿದ, ತೂತನ್ನು ನೋಡಿದ, ಆಮೇಲೆ ಆರ್ವಿಡ್‌ನ ಕೆಂಪೇರಿದ ಮುಖ ನೋಡಿದ.

"ಹೂಂ. ಇದೂ ಒಂದು ರೀತಿ," ಎಂದ.

ಆ ಊರಲ್ಲಿ ಇದರ ಅರ್ಥ, ಇಂಥ ದಡ್ಡತನ ನಾನು ಹುಟ್ಟಿದಾರಭ್ಯ ಕಂಡಿಲ್ಲ ಅಂತ. ಆದರೆ ಬೆವರು ಕಣ್ಣಿಗಿಳಿದವನಿಗೆ ಅದೆಲ್ಲ ಎಲ್ಲಿ ಕೇಳಬೇಕು. ಆರ್ವಿಡ್ ತುಕ್ಕು ಸಡಿಲಿಸುವ ಎಣ್ಣೆ ಹೊಯ್ದು ಇಡೀ ರಾತ್ರಿ ನೆನೆಯಲು ಬಿಟ್ಟ.

ಗುರುವಾರ ಹಬ್ ಸಡಿಲವಾಗಲೆಂದು ಅದಕ್ಕೆ ಗ್ಯಾಸಿನ ಬೆಂಕಿ ಹಿಡಿದ. ಬಣ್ಣ ಸುಟ್ಟು ಗ್ಯಾರೇಜೆಲ್ಲ ಹೊಗೆಯಾಯಿತು, ಮಾರ್ಲಿಸ್ ಒಣಹಾಕಿದ ಬಟ್ಟೆಗಳನ್ನು ಒಳಗೊಯ್ದಳು. ಪುಲ್ಲರಿನ ಒಂದು ಕಾಲು ಸೊಟ್ಟಗಾಯಿತು. ಸುತ್ತಿಗೆ ಜಾರಿ ಹೆಬ್ಬೆರಳ ಮೇಲೆ ಬಿತ್ತು. ಚರ್ಚಿಗೆ ತಪ್ಪದೆ ಹೋಗುವ ಮನುಷ್ಯ ಬೈಯಲಾರದೆ "ಅಯ್ಯೋ ದೇವರೇ, ಅಯ್ಯೋ ದೇವರೇ" ಎನ್ನುತ್ತಾ ಗ್ಯಾರೇಜು ತುಂಬಾ ಕುಣಿದ.

"ಚೆನ್ನಾಗಿ ಬಿಸಿ ಆಯ್ತು ಅನ್ಸತ್ತೆ," ಎಂದ ಓರ್ಲಿನ್ ಬಕೆಟ್ಟಿನ ಮೇಲಿಂದ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಆರ್ವಿಡ್‌ನಲ್ಲಿ ಮರ್ಯಾದೆಯೂ ಮುಗಿದಿತ್ತು, ಕಸುವೂ ಮುಗಿದಿತ್ತು. ನಾಳೆ ಬೆಳಿಗ್ಗೆ ಟ್ರೇಲರ್ ಬರುತ್ತದೆ. ಹಬ್ ಹುಟ್ಟಿದಾಗ ಎಲ್ಲಿತ್ತೋ ಅಲ್ಲೇ ಕೂತಿದೆ. ಟ್ರ್ಯಾಕ್ಟರಿನ ಸೀಟು ನೋಡಿದರೆ ಅಳು ಬರುವಂತಾಯಿತು. ಸುತ್ತಿಗೆ ಎಸೆದು ತಿರುಗಿದ.

"ಓರ್ಲಿನ್! ಸುಮ್ನೆ ಕೂತಿದೀಯಲ್ಲಯ್ಯಾ! ನಾನೇನು ತಪ್ಪು ಮಾಡ್ತಿದೀನಿ ಹೇಳೋ!"

ಓರ್ಲಿನ್ ಕಪ್ಪು ಕೆಳಗಿಟ್ಟ. "ಕೇಳ್ತಾ ಇದೀಯಾ?"

"ಕೇಳ್ತಾ ಇದೀನಿ!"

"ನಿಜವಾಗ್ಲೂ? ಮಾತಿಗೆ ಅಂದಿದ್ದಲ್ವಲ್ಲ?"

"ಓರ್ಲಿನ್!"

"ಆ ತೂತಲ್ಲಿ ಇನ್ನೊಂದು ಸ್ಕ್ರೂ ಇದೆ ಕಣಯ್ಯಾ. ಮೇಲಿಂದು ತೆಗ್ದೆ. ಅದರ ಕೆಳಗಿಂದು ಹಾಗೇ ಇದೆ."

ಆರ್ವಿಡ್ ಮೊಣಕಾಲೂರಿ, ತೂತಿನೊಳಗಿನ ಕೊಳೆಯನ್ನು ಮೊಳೆಯಿಂದ ಕೆದಕಿ, ಟಾರ್ಚು ಬಿಟ್ಟು ನೋಡಿದ. ತಳದಲ್ಲಿ ಎರಡನೇ ಸ್ಕ್ರೂ ಆರಾಮಾಗಿ ಕೂತಿತ್ತು.

"ನಿಂಗ್ಯಾವಾಗ ಗೊತ್ತಾಯ್ತು?"

"ಬುಧವಾರ."

"ಬುಧವಾರ! ಬಾಯಿ ಬಿಡೋಕೇನಾಗಿತ್ತು ನಿಂಗೆ?"

"ನಿನ್ನ ಗ್ಯಾರೇಜು, ನಿನ್ನ ಟ್ರ್ಯಾಕ್ಟ್ರು," ಎಂದ ಓರ್ಲಿನ್ ನೊಂದ ದನಿಯಲ್ಲಿ. "ಇನ್ನೊಬ್ರ ಗ್ಯಾರೇಜಲ್ಲಿ ಕೂತು ಬುದ್ಧಿ ಹೇಳೋಕಾಗತ್ತಾ? ಅದೂ ಅಲ್ದೆ ನೀನು ಒಳ್ಳೇ ಹುರುಪಲ್ಲಿದ್ದೆ."

ಆರ್ವಿಡ್‌ಗೆ ಅವನ ಕತ್ತು ಹಿಸುಕಬೇಕೆನಿಸಿತು. ಆದರೆ ತಾನಾದರೂ ಅವನ ಗ್ಯಾರೇಜಿನಲ್ಲಿ ಇದನ್ನೇ ಮಾಡುತ್ತಿದ್ದೆ ಎಂದು ಹೊಳೆದು ಅಲೆನ್ ಕೀ ಕೈಗೆತ್ತಿಕೊಂಡ. ಸ್ಕ್ರೂ ತೆಗೆದು ಪುಲ್ಲರ್ ಬಿಗಿದದ್ದೇ ತಡ, ಹಬ್ ಢಣ್ಣನೆ ಕಳಚಿಕೊಂಡು ಇಬ್ಬರ ಕಾಲ ಬಳಿ ಉರುಳಿತು. ಮುದುಕರಿಬ್ಬರೂ ಶಾಲೆಯ ಹುಡುಗರಂತೆ ಕಿರುಚಿದರು.

ಮುಂದಿನದು ಸಲೀಸು. ಒಣಗಿ ಗಟ್ಟಿಯಾಗಿ ಸೀಳುಬಿಟ್ಟಿದ್ದ ಹಳೇ ಸೀಲಿಗೆ ಒಂದು ಸ್ಕ್ರೂ ಕಚ್ಚಿಸಿ ಎಳೆದು ತೆಗೆದರು. ಆಕ್ಸಲ್ಲಿನ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ನುಣುಪು ಮಾಡಿದರು. ಹೊಸ ಸೀಲಿನ ತೆಳು ಒಳ ಅಂಚು ಹರಿಯದ ಹಾಗೆ ಆಕ್ಸಲ್ಲಿನ ಚೂಪು ಅಂಚಿಗೆ ಟೇಪು ಸುತ್ತಿ, ಗ್ರೀಸು ಸವರಿ, ಅಗಲವಾದ ಪೈಪಿನ ತುಂಡು ಆನಿಸಿ ಮೆಲ್ಲಗೆ ತಟ್ಟಿ ಕೂರಿಸಿದರು. ಹಬ್ಬೂ ಗಾಲಿಯೂ ಹಾಕಿ, ಎಣ್ಣೆ ತುಂಬಿ, ಟ್ರ್ಯಾಕ್ಟರಿನ ಕೆಳಗೊಂದು ಬಿಳಿ ರಟ್ಟು ಹಾಸಿಟ್ಟು, ತಂತಮ್ಮ ಮನೆಗೆ ಹೋಗಿ ಮಲಗಿದರು.

ಬೆಳಿಗ್ಗೆ ರಟ್ಟಿನ ಮೇಲೆ ಒಂದು ಹನಿಯೂ ಇರಲಿಲ್ಲ. ಆರ್ವಿಡ್ ಅದನ್ನು ಎತ್ತಿಕೊಂಡು ಅಡುಗೆಮನೆಗೇ ಹೋದ. "ನೋಡು ಮಾರ್ಲಿಸ್! ನಿನ್ನ ಸಿಮೆಂಟಿಗೆ ಇನ್ನು ಭಯ ಇಲ್ಲ."

ಮಾರ್ಲಿಸ್ ಕನ್ನಡಕ ಸರಿಮಾಡಿಕೊಂಡು ರಟ್ಟು ನೋಡಿದಳು. ಅವಳು ಈಗ ಫೋನಿನ ಕಡೆ ಹೋಗುತ್ತಾಳೆ ಎಂದು ಆರ್ವಿಡ್ ಕಾದ.

"ಎಷ್ಟು ಒಳ್ಳೇವ್ನು ನೀನು," ಎಂದಳು ಅವಳು. "ಮಾರೋ ಗಾಡಿಗೂ ಇಷ್ಟು ಕಷ್ಟಪಟ್ಟು ರಿಪೇರಿ ಮಾಡಿದೀಯಲ್ಲ. ಬೇರೆ ಯಾರಾದ್ರೂ ಹಾಗೇ ದಾಟಿಸ್ತಿದ್ರು."

ಅಷ್ಟರಲ್ಲಿ ಹೊರಗೆ ಟ್ರೇಲರ್ ಬಂದು ನಿಂತ ಸದ್ದಾಗಿ ಇಬ್ಬರೂ ಅಂಗಳಕ್ಕೆ ಬಂದರು. ಟೆರ್ರಿ ಇಳಿದವನೇ ಬಗ್ಗಿ, ಗಾಲಿಯ ಒಳಬದಿ ಬೆರಳಿಂದ ಸವರಿ ನೋಡಿ ಕುಪ್ಪಳಿಸಿಬಿಟ್ಟ.

"ಹೊಸ ಸೀಲ್ ಬೇರೆ ಹಾಕ್ಸಿದೀರಾ! ಆರ್ವಿಡ್, ನೀವು ದೇವ್ರಂಥೋರು. ಸೋರಿಕೆ ನೋಡಿ ನಾನೇ ಸ್ವಲ್ಪ ಹಿಂದುಮುಂದು ನೋಡ್ತಿದ್ದೆ."

ಹಲಗೆ ಇಳಿಸಿ, ಹಗ್ಗ ಬಿಚ್ಚಿ, ಟೆರ್ರಿ ಸೀಟಿನ ಮೇಲೆ ಕೂತೇಬಿಟ್ಟ. ಬೆಳಿಗ್ಗೆಯೇ ಬಂದು ಬಕೆಟ್ಟಿನ ಮೇಲೆ ಕೂತಿದ್ದ ಓರ್ಲಿನ್ ಎಲ್ಲ ನೋಡುತ್ತಿದ್ದರೂ ಬಾಯಿ ಬಿಡಲಿಲ್ಲ. ಇನ್ನೊಬ್ಬರ ಅಂಗಳ. ಟೆರ್ರಿ ಕೀಲಿ ತಿರುಗಿಸಲು ಕೈ ಚಾಚಿದ. ತನ್ನ ಸೀಟಿನಲ್ಲಿ ಇನ್ನೊಬ್ಬನ ಅಂಡು ಕಂಡು ಆರ್ವಿಡ್ ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತ.

"ಇಲ್ಲ," ಎಂದ.

ಎಲ್ಲರೂ ತಿರುಗಿದರು. ಯಾರು ಅಂದದ್ದು ಎಂದು ಆರ್ವಿಡ್ ತಾನೂ ಒಮ್ಮೆ ತಿರುಗಿ ನೋಡಿದ.

"ಇಲ್ಲ, ಟೆರ್ರಿ. ನಾನು ಮಾರಲ್ಲ. ಇಳಿ."

ಇನ್ನೇನು ಆಕಾಶ ಕಳಚಿ ಬೀಳುತ್ತದೆ ಎಂದು ಆರ್ವಿಡ್ ಕತ್ತು ಕುಗ್ಗಿಸಿದ. ಟೆರ್ರಿ ಇಳಿದ. "ಅಷ್ಟೇನಾ? ಫೋನಲ್ಲೇ ಹೇಳೋದಲ್ವಾ ಮಾರಾಯ್ರೇ," ಎಂದು ಹಗ್ಗ ಸುತ್ತಿ, ಮಾರ್ಲಿಸ್ ಕೊಟ್ಟ ರೂಬಾರ್ಬ್ ಎಂಬ ಹುಳಿದಂಟಿನ ಕೇಕು ಬಾಯಿಗಿಟ್ಟುಕೊಂಡು ಕೈಬೀಸಿ ಹೊರಟ. ಇಷ್ಟು ಸುಲಭದ ಕೆಲಸಕ್ಕೆ ವಾರವೆಲ್ಲ ಹಬ್ ಗುದ್ದಿದೆನಲ್ಲ ಎಂದು ಆರ್ವಿಡ್‌ಗೆ ನಾಚಿಕೆಯಾಯಿತು.

ಮಾರ್ಲಿಸ್ ಮಾತ್ರ ಅಲ್ಲೇ ನಿಂತಿದ್ದಳು. "ನಂಗೂ ಅದು ಹೋಗೋದು ಇಷ್ಟ ಇರ್ಲಿಲ್ಲ. ನೀನೇ ಟೆರ್ರಿಗೆ 'ಆಗ್ಲಿ, ನೋಡೋಣ' ಅಂದ್ಯಲ್ಲ, ಅದಕ್ಕೆ ಸುಮ್ನಿದ್ದೆ."

"ಹಾಗಂದ್ರೆ ಬೇಡ ಅಂತ! ನಿಂಗೆ ಗೊತ್ತಿಲ್ವಾ?"

"ಬೇಡ ಅಂತಾನಾ?" ಮಾರ್ಲಿಸ್ ಕೈಯಲ್ಲಿದ್ದ ಕೇಕಿನ ತಟ್ಟೆಯನ್ನು ಟ್ರ್ಯಾಕ್ಟರಿನ ಮೇಲಿಟ್ಟಳು. "ಮದ್ವೆ ಆಗೋಣ್ವಾ ಅಂತ ನಾನು ನಿನ್ನ ಕೇಳ್ದಾಗ ಏನಂದಿದ್ದೆ, ನೆನಪಿದ್ಯಾ?"

ಆರ್ವಿಡ್‌ಗೆ ನೆನಪಾಯಿತು. ಆವತ್ತೂ 'ಆಗ್ಲಿ, ನೋಡೋಣ' ಅಂದಿದ್ದ. ಬಕೆಟ್ಟಿನ ಮೇಲಿದ್ದ ಓರ್ಲಿನ್ ಮೆಲ್ಲಗೆ ಎದ್ದು, ಕಪ್ಪು ತೆಗೆದುಕೊಂಡು, ತನ್ನ ಮನೆಯ ಕಡೆ ನಡೆದುಬಿಟ್ಟ.

ಆರ್ವಿಡ್ ಗ್ರೀಸಿನ ಕರೆ ಹೋಗದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಒಂದೇ ಬೆಳಿಗ್ಗೆ ಎರಡು ಸಲ ನೇರವಾಗಿ ಮಾತಾಡುವುದೆಂದರೆ ಆ ಊರಲ್ಲಿ ಸಣ್ಣ ಮಾತಲ್ಲ.

"ಹೌದು," ಎಂದ. "ಆವತ್ತು ನಾನು ಹೌದು ಅನ್ಬೇಕಿತ್ತು, ಮಾರ್ಲಿಸ್. ಹೌದು."