ಮಾವನವರ ಮಣೆ

ವೈಯಾಲಿಕಾವಲ್‌ನ ಮನೆಯ ಹಿಂದಿನ ಕೋಣೆಯಲ್ಲಿ ಶ್ರೀವಿದ್ಯಾ ಹಸಿರು ಕನ್ನಡಕ ಹಾಕಿಕೊಂಡು ನಿಂತಿದ್ದಳು. ಎದುರಿಗಿದ್ದ, ಮರದ ಮೇಲೆ ಲೇಸರ್‌ನಿಂದ ಅಕ್ಷರ ಸುಡುವ ಪುಟ್ಟ ಸಿಎನ್‌ಸಿ ಮಿಷನ್ನಿನಲ್ಲಿ, ತೀರಿಹೋದ ಮಾವನವರ ಹಲಸಿನ ಮಣೆ. ನಾಡಿದ್ದು ಮಗಳು ಆರಾಧನಾ ಹಸೆಗೆ ಕೂರುವುದು ಅದರ ಮೇಲೆಯೇ. ಅಷ್ಟರೊಳಗೆ ಅವಳ ಹೆಸರನ್ನೂ ಅಳಿಯನಾಗುವ ಪ್ರಸನ್ನನ ಹೆಸರನ್ನೂ ಲೇಸರ್‌ನಲ್ಲಿ ಸುಟ್ಟು ಬರೆದುಕೊಡುತ್ತೇನೆಂದು ಅತ್ತೆಗೆ ಮಾತು ಕೊಟ್ಟವಳು ಇವಳೇ. ಯಾರೂ ಕೇಳಿರಲಿಲ್ಲ, ಬಾಯಿ ಸುಮ್ಮನಿದ್ದರೆ ತಾನೇ.

ಕೆಟ್ಟರೆ ಇನ್ನೊಂದು ಮಣೆಯಿಲ್ಲ. ಅತ್ತೆ ಭಾಗೀರಥಮ್ಮ ಅದನ್ನು ಬಡಗಿಯ ಕೈಗೂ ಕೊಟ್ಟವರಲ್ಲ. ಹೋದ ವಾರ ಆತ ಕೀಸಿ ಸಮ ಮಾಡಿಕೊಡುತ್ತೇನೆಂದಾಗ ಸುತರಾಂ ಒಪ್ಪಿರಲಿಲ್ಲ. ವಯಸ್ಸಾದವರ ಹಟ ಎಂದುಕೊಂಡ ಶ್ರೀವಿದ್ಯಾ ಏಕೆಂದು ಕೇಳಲೂ ಇಲ್ಲ.

ಲೇಸರ್‌ಗೂ ಮರಕ್ಕೂ ಎಷ್ಟು ಅಂತರವಿರಬೇಕೋ ಅಷ್ಟೇ ಎತ್ತರದ ಮರದ ಚೂರೊಂದು ಅವಳ ಬಳಿ ಇತ್ತು. ಅದನ್ನು ಮಣೆಯ ಎಡ ಅಂಚಿನಲ್ಲಿಟ್ಟು, ಲೇಸರನ್ನು ಅದಕ್ಕೆ ತಾಕುವಷ್ಟು ಇಳಿಸಿ, ಚೂರು ತೆಗೆದು, ಸಣ್ಣದೊಂದು ಗೆರೆ ಸುಟ್ಟು ನೋಡಿದಳು. ಕೂದಲೆಳೆಯಂತೆ ಬಂತು. ಸುಲ್ತಾನ್‌ಪೇಟೆಯ ಅಂಗಡಿಗೆ ಮರದ ಲಗ್ನಪತ್ರಿಕೆ ಮಾಡಿಕೊಡುವಾಗಲೂ ಇಷ್ಟೇ. ಹಲಗೆಯೆಲ್ಲ ಒಂದೇ ಮಟ್ಟ, ಒಂದು ಕಡೆ ಅಳೆದರೆ ಸಾಕು.

'ಆ' ಸೊಗಸಾಗಿ ಬಂತು. 'ರಾ' ಬಂತು. 'ಧ' ಬರುವಾಗ ಹೊಗೆ ಜಾಸ್ತಿಯಾಯಿತು, ಗೆರೆ ದಪ್ಪಗೆ ಮಸಿಮಸಿಯಾಗಿ ಹರಡಿತು. ಮಿಷನ್ ನಿಲ್ಲಿಸುವಷ್ಟರಲ್ಲಿ ಅಕ್ಷರ ಕೆಟ್ಟೇ ಹೋಗಿತ್ತು. ಅಳತೆಯ ಚೂರನ್ನು ಅಲ್ಲಿ ಲೇಸರ್‌ನ ಕೆಳಗಿಟ್ಟಳು. ಅಂಚಿನಲ್ಲಿ ಬಿಗಿಯಾಗಿ ಕೂತಿದ್ದ ಚೂರು ಇಲ್ಲಿ ಅಲ್ಲಾಡಿತು. ಅದಕ್ಕೂ ಲೇಸರ್‌ಗೂ ನಡುವೆ ನಾಣ್ಯ ತೂರುವಷ್ಟು ಸಂದು. ಮಣೆಯ ನಡುಭಾಗ ಸವೆದು ಹಳ್ಳವಾಗಿತ್ತು, ಅಂತರ ಹೆಚ್ಚಾಗಿ ಲೇಸರ್ ಹರಡಿಕೊಂಡಿತ್ತು.

ಸುಟ್ಟ ವಾಸನೆಗೆ ಭಾಗೀರಥಮ್ಮ ಬಾಗಿಲಿಗೆ ಬಂದರು.

"ತಪ್ಪಾಯ್ತು ಅತ್ತೆ. ನಡುವೆ ಹಳ್ಳ ಇರೋದು ನಾನು ನೋಡ್ಲೇ ಇಲ್ಲ."

ಅವರು ಬಹಳ ಹೊತ್ತು ಆ ಅಕ್ಷರವನ್ನು ಬೆರಳಿನಿಂದ ಸವರಿದರು. ಬೈದಿದ್ದರೇ ವಾಸಿಯಿತ್ತು ಎನಿಸಿ ಶ್ರೀವಿದ್ಯಾಗೆ ಅಳು ಬಂತು.

"ನಲವತ್ತು ವರ್ಷ ನಿಮ್ಮ ಮಾವ ಊಟಕ್ಕೆ ಕೂತ ಗುರುತು ಕಣೇ ಅದು. ಅದಕ್ಕೇ ಕೀಸೋಕೆ ಬಿಡ್ಲಿಲ್ಲ," ಎಂದರು ಅತ್ತೆ. ಆಮೇಲೆ ಮಿಷನ್ನಿನ ಕಡೆ ನೋಡಿ ಕೇಳಿದರು, "ಇದನ್ನೇ ಸ್ವಲ್ಪ ಕೆಳಗಿಳಿಸೋಕೆ ಆಗಲ್ವಾ?"

ಆಗುತ್ತಿತ್ತು. ಅಕ್ಷರಕ್ಕೊಂದು ಸಲ ಅಳೆದು, ಹಳ್ಳದಲ್ಲಿ ಲೇಸರನ್ನು ಇಳಿಸಿ, ಬಲ ಅಂಚಿನ ಕಡೆ ಮತ್ತೆ ಏರಿಸಿ, ಪ್ರಸನ್ನನ ಹೆಸರು ಮುಗಿಸುವ ಹೊತ್ತಿಗೆ ಸಂಜೆಯಾಯಿತು. ಕೆಟ್ಟ 'ಧ'ವನ್ನು ಉಜ್ಜಿ ತೆಗೆಯಲು ಅವಳು ಉಪ್ಪುಕಾಗದ ಎತ್ತಿಕೊಂಡಾಗ ಅತ್ತೆ ಕೈ ಹಿಡಿದರು.

"ಅದು ಹಾಗೇ ಇರ್ಲಿ. ಅವರು ಕೂತ್ಕೋತಿದ್ದ ಜಾಗ ಅಲ್ಲಿಂದ ಶುರು ಅಂತ ಮಗೂಗೆ ಗೊತ್ತಾಗ್ಲಿ."