ಪುರುಸೊತ್ತಿಲ್ಲದ ಸೊಸೆ

ಸೊಸೆ ಆಫೀಸಿಗೆ ದೊಡ್ಡ ನಮಸ್ಕಾರ ಹಾಕಿ ಬಂದಿದ್ದಳು. ಇನ್ನು ಯಾರ ಕೈಕೆಳಗೂ ದುಡಿಯುವುದಿಲ್ಲ, ಮನೆಯಲ್ಲೇ ಕೂತು ಡಬ್ಬಿ, ಬಾಟಲಿ, ಪೊಟ್ಟಣಗಳಿಗೆ ಲೇಬಲ್ ಡಿಸೈನ್ ಮಾಡುತ್ತೇನೆ ಎಂದು ಊರಿಗೆಲ್ಲ ಡಂಗುರ ಸಾರಿದ್ದೂ ಆಯಿತು. ಆದರೆ ಗಿರಾಕಿಗಳ ಸುಳಿವೇ ಇಲ್ಲ. ಈ ತಿಂಗಳೂ ಯಾರೂ ಬಾರದಿದ್ದರೆ ಹಳೆಯ ಮ್ಯಾನೇಜರನ ಮುಂದೆ ಹಲ್ಲುಗಿಂಜಿ ನಿಲ್ಲಬೇಕು. ಅದನ್ನು ನೆನೆದರೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಅವಳ ಅಣ್ಣ ಒಂದು ಉಪದೇಶ ಕೊಟ್ಟ. ಕೊಡುವುದಕ್ಕೆ ಅವನ ಬಳಿ ಬೇರೇನೂ ಇರುತ್ತಿರಲಿಲ್ಲ.

"ಖಾಲಿ ಇದ್ದೀನಿ ಅಂತ ಅಪ್ಪಿತಪ್ಪಿಯೂ ಬಾಯ್ಬಿಡ್ಬೇಡ. ಬಿಜಿ ಇರೋರ ಹಿಂದೇನೇ ಜನ ಬೀಳೋದು."

ಮರುದಿನವೇ ಫೋನು ಬಂತು. ಸೋಪು ತಯಾರಿಸಿ ಮಾರುವ ಹೆಂಗಸು; ಹೊಸ ಸೋಪಿಗೆ ಸುತ್ತುವ ಕಾಗದಕ್ಕೆ ಚೆಂದದ ಡಿಸೈನ್ ಬೇಕಿತ್ತು. ಸೊಸೆ ಸ್ಪೀಕರ್ ಹಾಕಿ, ಗತ್ತಿನಿಂದ ಕಾಲಮೇಲೆ ಕಾಲು ಹಾಕಿ, "ಅಯ್ಯೋ ಮೇಡಂ, ಎರಡು ತಿಂಗಳು ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ" ಎಂದಳು.

"ಹೌದಾ? ಹಾಗಾದ್ರೆ ಬಿಡಿ, ಪಾಪ. ನಿಮ್ಗೆ ಗೊತ್ತಿರೋರು ಬೇರೆ ಯಾರಾದ್ರೂ ಇದ್ದಾರಾ?"

ಸೊಸೆ ಮೇಲಿದ್ದ ಕಾಲನ್ನು ಕೆಳಗಿಳಿಸಿದಳು. ಎದುರಿಗೆ ಬಟಾಣಿ ಸುಲಿಯುತ್ತಿದ್ದ ಅತ್ತೆ ಕೈ ಒರೆಸಿಕೊಂಡು ಫೋನು ಕಸಿದುಕೊಂಡರು.

"ನಾನಿದ್ದೀನಲ್ಲಮ್ಮ! ಇವಳಿಗೆ ಕಲಿಸಿದೋಳೇ ನಾನು. ಮೊದ್ಲು ಸೋಪು ಕಳಿಸಿ. ಮೂಸಿ ನೋಡ್ದೆ ನಾನು ಯಾವ ಕೆಲ್ಸಾನೂ ಒಪ್ಕೊಳ್ಳಲ್ಲ."

ಅತ್ತೆ ಜನ್ಮದಲ್ಲಿ ಒಂದು ಗೆರೆ ನೆಟ್ಟಗೆ ಎಳೆದವರಲ್ಲ. ಆದರೂ ಕೆಲಸ ಸಿಕ್ಕಿತು. ಸೊಸೆ ಡಿಸೈನ್ ಮಾಡಿದಳು, ಅತ್ತೆ ಆ ಸೋಪಿನಲ್ಲೇ ಮುಖ ತೊಳೆದುಕೊಂಡು ಬಂದು, "ಇದು ಇಷ್ಟು ತಂಪಾಗಿದೆ, ನೀನ್ಯಾಕೆ ಹೀಗೆ ಕೆಂಪು ಬಳಿದಿದ್ದೀಯ?" ಎಂದು ಮೂತಿ ತಿರುವಿದರು. ಸೊಸೆ ಗೊಣಗುತ್ತಲೇ ತಿದ್ದಿದಳು, ಮತ್ತೆ ತಿದ್ದಿದಳು. ಕೊನೆಗೆ ಬಂದದ್ದು ಅವಳಿಗೇ ಕಣ್ಣು ಕೀಳಲಾಗದಷ್ಟು ಚೆನ್ನಾಗಿತ್ತು. ಹೊಗಳಿಕೆಯೆಲ್ಲ ಮಾತ್ರ ಫೋನಿನಲ್ಲಿ ಅತ್ತೆಗೆ ಬಂತು. ಅತ್ತೆ ಅದನ್ನು ಒಂದಿಷ್ಟೂ ಸಂಕೋಚವಿಲ್ಲದೆ ತೆಗೆದುಕೊಂಡರು. ಮೊದಲ ಗಿರಾಕಿಯೇ ತನ್ನವಳಾಗಲಿಲ್ಲವಲ್ಲ ಎಂದು ಸೊಸೆಗೆ ಹೊಟ್ಟೆ ಉರಿದುಹೋಯಿತು.

ಒಂದು ದಿನ ಸೋಪಿನ ಹೆಂಗಸು ಹೇಳದೆ ಕೇಳದೆ ಮನೆಗೇ ಬಂದಳು. ಅವಳ ಚೀಲದ ತುಂಬ ಹೊಸ ಸೋಪುಗಳಿದ್ದವು. ಮೊದಲು ಮಾಡಿಕೊಟ್ಟಿದ್ದ ಸುತ್ತುವ ಕಾಗದವನ್ನು ಮೇಜಿನ ಮೇಲೆ ಹರಡಿ, ಅತ್ತೆಗೆ ಪೆನ್ಸಿಲು ಚಾಚಿದಳು.

"ಇಲ್ಲೊಂದು ಎಲೆ ಬೇಕಿತ್ತು. ಬರೆದು ತೋರಿಸ್ತೀರಾ?"

ಅತ್ತೆ ಪೆನ್ಸಿಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸೊಸೆಯ ಕೈಗಿಟ್ಟರು.

"ಬರೆಯೋಳು ಅವಳಮ್ಮ. ನಾನು ನಿಮ್ಮನ್ನ ಹಿಡಿದು ಹಾಕಿದೋಳು, ಅಷ್ಟೇ."

ಸೊಸೆ ಎಲೆ ಬರೆದಳು. ಸೋಪಿನ ಹೆಂಗಸು ಎಲೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಬಿದ್ದುಬಿದ್ದು ನಕ್ಕಳು.

"ಆಯ್ತು, ಈ ಕೆಲಸ ಎಲ್ಲ ನಿಮ್ದೇ," ಎಂದು ಸೊಸೆಯ ಕಡೆ ಚೀಲ ತಳ್ಳಿ, ಅತ್ತೆಯತ್ತ ತಿರುಗಿದಳು. "ನೀವು ನಮ್ಮ ಅಂಗಡಿಗೆ ಬಂದ್ಬಿಡಿ. ನನ್ನ ಸೋಪು ಮಾರೋಕೆ ನಿಮ್ಮಂಥೋರೇ ಬೇಕು."

ಸೊಸೆ ಅತ್ತೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅವರನ್ನ ಮಾತ್ರ ಕೇಳ್ಬೇಡಿ. ಅವರು ನಮ್ಮೋರು."

"ಹಾಗಾದ್ರೆ ನೀನೆಷ್ಟು ಕೊಡ್ತೀಯ, ಮೊದ್ಲು ಅದನ್ನ ಹೇಳು," ಎಂದರು ಅತ್ತೆ.