ಬಾಗಿಲ ಬುಡದ ಬೂದಿ

ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಅಳಿಯ ಬೆಳಿಗ್ಗೆಯಿಂದ ಕಟ್ಟೆಯ ಮೇಲೆ ಹನ್ನೊಂದು ಸಲ ಆ ಕಡೆ ಈ ಕಡೆ ನಡೆದಿದ್ದ. ಹನ್ನೆರಡನೆಯ ಸಲ ಮಾವ ತಡೆದರು.

"ಅಳಿಯಂದ್ರೇ, ಕಲ್ಲು ಸವೆಯುತ್ತೆ. ಒಂದ್ಕಡೆ ಕೂತ್ಕೊಳ್ಳಿ."

"ಕೂತ್ರೆ ಬಾಗಿಲು ಕೇಳಿಸುತ್ತೆ, ಮಾವ."

ಬಾಗಿಲೆಂದರೆ ಮನೆಯದಲ್ಲ, ನದಿಯದು. ಅಣೆಕಟ್ಟಿನ ಪಕ್ಕದಲ್ಲಿ ಉದ್ದನೆಯ ಕಲ್ಲಿನ ತೊಟ್ಟಿ. ಅದರ ಎರಡು ತುದಿಗೂ ಮೂರಾಳೆತ್ತರದ ಜೋಡಿ ಬಾಗಿಲು. ಕೆಳಗಿನಿಂದ ಬಂದ ದೋಣಿಯನ್ನು ಒಳಗೆ ಬಿಟ್ಟುಕೊಂಡು, ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲಕ್ಕೆ ಎತ್ತಿಕೊಡುವುದು ಮಾವನ ಮೂವತ್ತೆರಡು ವರ್ಷದ ಕೆಲಸ. ಬಾಗಿಲುಗಳ ವಯಸ್ಸು ಮಾವನಿಗಿಂತ ಜಾಸ್ತಿ. ಆದರೆ ಬಾಗಿಲು ಬಾಗಿದರೂ ಮಾವ ಬಾಗುವವರಲ್ಲ.

ಇವತ್ತು ತಪಾಸಣೆ. ಈ ಬೇಸಿಗೆಯಲ್ಲಿ ಇದೋ, ಕೆಳಗಿನ ಇನ್ನೊಂದು ಕಟ್ಟೆಯೋ, ಒಂದಕ್ಕೆ ಮಾತ್ರ ರಿಪೇರಿ. ಇಂಜಿನಿಯರ್ ಮೇಡಂ "ಚೆನ್ನಾಗಿದೆ" ಎಂದು ಬರೆದರೆ ಇನ್ನು ಐದು ವರ್ಷ ಇತ್ತ ಯಾರೂ ತಲೆ ಹಾಕುವುದಿಲ್ಲ. "ಕೆಟ್ಟಿದೆ" ಎಂದರೆ ನಾಳೆಯಿಂದ ನಾಲ್ಕು ತಿಂಗಳು ಬಂದ್. ಮಾವನ ನಿವೃತ್ತಿಗೆ ಉಳಿದಿರುವುದು ಒಂದೇ ತಿಂಗಳು. ಕೊನೆಯ ದಿನವೂ ದೋಣಿ ದಾಟಿಸಿಯೇ ಮನೆಗೆ ಹೋಗಬೇಕೆಂಬುದು ಅವರ ಹಟ.

ಅದಕ್ಕೇ ಬೆಳಗಾಗುತ್ತಲೇ ಮೇಲಿನ ಬಾಗಿಲ ಹಿಂದೆ ಎರಡು ಚೀಲ ಬೂದಿ ಸುರಿದಿದ್ದರು. ಇದು ಇಲ್ಲಿಯವರ ಹಳೆಯ ಕೈಚಳಕ: ನೀರೇ ಬೂದಿಯನ್ನು ಎಳೆದುಕೊಂಡು ಹೋಗಿ ಸಂದಿಗೆ ತುಂಬುತ್ತದೆ; ಮತ್ತೆ ಬಾಗಿಲು ತೆಗೆಯುವವರೆಗೆ ಸೋರಿಕೆ ನಿಲ್ಲುತ್ತದೆ. ಕಣ್ಣಿಗೆ ಮಣ್ಣೆರಚುವವರು ಎಲ್ಲ ಕಡೆ ಇದ್ದಾರೆ; ಬೂದಿ ಎರಚುವವರು ಈ ಕಟ್ಟೆಯವರು ಮಾತ್ರ.

ಸೋರಿಕೆಗೆ ಅಳಿಯ ಹೆದರುವವನಲ್ಲ, ಫಿಟ್ಟರ್ ಅವನು. ಆದರೆ ಬಾಗಿಲಿನ ಇಡೀ ಭಾರ ಹೊತ್ತು ನೀರಿನಡಿ ಕೂತ ತಿರುಗುಣಿಯಿಂದ ಒಂದು ವಾರದಿಂದ ಹೊಸ ಸದ್ದು ಬರುತ್ತಿತ್ತು. ತೊಟ್ಟಿಯ ತಳದಲ್ಲಿ ಜನ ತುಂಬಿದ ದೋಣಿ ಇರುವಾಗ ಅದು ಕೈಕೊಟ್ಟರೆ? ಈ ಯೋಚನೆ ಬಂದಾಗಲೆಲ್ಲ ಅವನ ಕಾಲು ತಾನಾಗಿಯೇ ಎದ್ದು ನಡೆಯುತ್ತಿತ್ತು. ಹೇಳಿಬಿಡೋಣವೆಂದರೆ ಹೆಣ್ಣು ಕೊಟ್ಟ ಮಾವ. ಕೆಲಸ ಕಲಿಸಿದವರೂ ಅವರೇ.

ಮೇಡಂ ಬಂದರು. ಬರಿದಾದ ತೊಟ್ಟಿಯೊಳಕ್ಕೆ ಬಗ್ಗಿ ಬಾಗಿಲು ನೋಡಿದರು.

"ಒಂದು ತೊಟ್ಟೂ ಸೋರ್ತಿಲ್ವಲ್ರೀ! ಈ ವಯಸ್ಸಲ್ಲಿ!"

"ಹಳೇ ಕಾಲದ ಮಾಲು, ಮೇಡಂ," ಎಂದು ಮಾವ ಮೀಸೆ ತಿರುವಿದರು.

ಮೇಡಂ ಪೆನ್ನು ತೆಗೆದರು. ಬೂದಿಯ ವಿಷಯ ಅಳಿಯನ ನಾಲಿಗೆಯ ತುದಿಗೆ ಬಂದು ಹಾಗೇ ಹಿಂದಕ್ಕೆ ಹೋಯಿತು.

"ಮೇಡಂ, ಬಾಗಿಲು ಮಾತಾಡುತ್ತೆ. ಕೇಳ್ತೀರಾ?"

ಅತ್ತೆಯ ಸೀನು, ಮಾವನ ಕೆಮ್ಮು, ಯಾವುದನ್ನೂ ಬಿಡದೆ ಅಣಕಿಸಿ ಮನೆಯವರನ್ನು ನಗಿಸುವ ಆಸಾಮಿ ಈ ಅಳಿಯ. ಈಗ ಕೆನ್ನೆ ಉಬ್ಬಿಸಿ "ಕಿರ್ರ್ರ್ರೋ" ಎಂದು ಎಳೆದ. ಮೇಡಂ ನಕ್ಕುಬಿಟ್ಟರು.

"ನಮ್ಮನೆ ಬೀರೂ ಹೀಗೇ ಅನ್ನುತ್ತೆ."

"ಬೀರೂ ಅಲ್ಲ, ಬೆಕ್ಕೂ ಅಲ್ಲ!" ಮಾವನಿಗೆ ತಡೆಯಲಾಗಲಿಲ್ಲ. ತಮ್ಮ ಬಾಗಿಲನ್ನು ಯಾರೋ ಅಪಸ್ವರದಲ್ಲಿ ಹಾಡಿದರೆ ಸುಮ್ಮನಿರುವುದು ಹೇಗೆ? "ಅದೇನ್ರೀ ಹಾಗೆ ಕಿರುಚ್ತೀರಾ? ಮೊದಲು ಸಣ್ಣಗೆ ನರಳುತ್ತೆ, ಮುಕ್ಕಾಲು ಮುಚ್ಚಿದ ಮೇಲೆ ಗಡಕ್ ಅಂತ ಒಂದು ಬೆರಳಷ್ಟು ಕೆಳಗೆ ಕೂರುತ್ತೆ, ಆಮೇಲೆ..."

ಮಾವ ಬಾಯಿ ಮುಚ್ಚಿದರು. ತಡವಾಗಿತ್ತು.

ಮೇಡಂ ಮುಖದ ನಗು ಇಳಿಯಿತು. "ಬಾಗಿಲು ಕೆಳಗೆ ಕೂರುತ್ತಾ? ಯಾವಾಗಿಂದ?"

ಮಾವ ಅಳಿಯನ ಮುಖ ನೋಡಿದರು. ಅಳಿಯ ನೀರು ನೋಡಿದ.

"ವಾರ ಆಯ್ತು," ಎಂದರು ಮಾವ.

"ತೊಟ್ಟಿ ತುಂಬಿಸಿ. ನನ್ನೆದುರಿಗೇ ಒಂದ್ಸಲ ತೆಗೆದು ಮುಚ್ಚಿ."

ಕಾಲು ಗಂಟೆ ಹಿಡಿಯಿತು. ಬಾಗಿಲು ತೆರೆದದ್ದೇ ತಡ, ಬೂದಿ ಕಪ್ಪಗೆ ಬಿಚ್ಚಿಕೊಂಡು ಹರಿಯಿತು. ಮುಚ್ಚುವಾಗ ಬಾಗಿಲು ನರಳಿತು, ಗಡಕ್ ಎಂದಿತು. ಅದರ ಕಂಬಕ್ಕೆ ಅಂಗೈ ಒತ್ತಿ ನಿಂತಿದ್ದ ಮೇಡಂ ಕೈ ಸುಟ್ಟವರಂತೆ ಹಿಂದಕ್ಕೆಳೆದುಕೊಂಡರು.

"ನಾಳೆಯಿಂದಲ್ಲ, ಈಗಲೇ ಬಂದ್!"

ಅಷ್ಟರಲ್ಲಿ ಕೆಳಗಿನಿಂದ ಬಂದ ಮರಳಿನ ದೋಣಿಯೊಂದು ಹಾರನ್ ಹೊಡೆಯಿತು. ಮೂವತ್ತೆರಡು ವರ್ಷದಲ್ಲಿ ಮಾವ ಒಂದು ದೋಣಿಯನ್ನೂ ಹಿಂದಕ್ಕೆ ಕಳಿಸಿದವರಲ್ಲ. ಅಳಿಯ ಕೆಂಪು ಬಾವುಟಕ್ಕೆ ಕೈ ಹಾಕಿದ.

"ನಾನು ಹೇಳ್ತೀನಿ, ಮಾವ. ನೀವು ಒಳಗೆ ಹೋಗಿ."

"ನೀವು ಹೇಳಿದ್ದು ಸಾಕು." ಮಾವ ಬಾವುಟ ಕಿತ್ತುಕೊಂಡು ಕಟ್ಟೆಯ ತುದಿಗೆ ನಡೆದರು. ಗಂಟಲು ಸರಿಮಾಡಿಕೊಂಡರು, ಎರಡು ಸಲ.

"ಹಿಂದಕ್ಕೆ ತಿರುಗಿಸ್ಕೊಳ್ಳಪ್ಪಾ! ನನ್ನ ಬಾಗಿಲು ಕೆಟ್ಟಿದೆ!"

ದೋಣಿಯವನಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಅಡ್ಡ ಹಿಡಿದ. ಮಾವ ಇನ್ನೊಂದು ಸಲ, ಇನ್ನೂ ಜೋರಾಗಿ ಕೂಗಬೇಕಾಯಿತು.